ಈಶಪ್ಪ ಕಣ್ಣು ಬಿಡುವ ದಿನ

ಕೆಮ್ಮಬಾರದಿತ್ತು. ಕೆಮ್ಮಿಬಿಟ್ಟ.

ದೊಡ್ಡ ಕೆಮ್ಮೇನಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜುವಾಗ ಪೇಸ್ಟಿನ ನೊರೆ ದಾರಿ ತಪ್ಪಿ ಗಂಟಲಿಗಿಳಿದು, ಈಶಪ್ಪನಿಗೆ ಒಂದು ಸಣ್ಣ ಕೆಮ್ಮು ಬಂತು. ಬೇರೆ ಕಡೆಯಾಗಿದ್ದರೆ ಅದು ಅಲ್ಲೇ ಮುಗಿದುಹೋಗುತ್ತಿತ್ತು. ಆದರೆ ದಂಡೇಲಿಯ ಆ ಓಣಿಯಲ್ಲಿ ಒಂದು ಮನೆಯ ಬಚ್ಚಲಿಗೂ ಇನ್ನೊಂದು ಮನೆಯ ಬಚ್ಚಲಿಗೂ ನಡುವೆ ಇರುವುದು ತೂತುಬಿದ್ದ ಒಂದು ತಗಡು. ತಗಡಿನ ಆಚೆ ಕಾಶೆವ್ವ ಪಾತ್ರೆ ತಿಕ್ಕುತ್ತಿದ್ದಳು.

"ಯಾರ ಕೆಮ್ಮಿದವರು? ಈಶ್ಯಾ, ನೀನ ಏನಲೇ?"

ಈಶಪ್ಪ ಉತ್ತರ ಕೊಡಲಿಲ್ಲ. ವಾರದಿಂದ ಅವನು ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಹಬ್ಬಕ್ಕೆಂದು ತುಪ್ಪ ಕಾಯ್ದಿಡುವ ಹಾಗೆ ಧ್ವನಿಯನ್ನು ಮುಚ್ಚಳ ಹಾಕಿ ಇಟ್ಟಿದ್ದ. ಯಾಕಂದರೆ ಇವತ್ತು ಅವನು ಕಣ್ಣು ಬಿಡುವುದಿತ್ತು. ಕಣ್ಣು ಬಿಟ್ಟು ಒಂದು ಮಾತು ಆಡುವುದಿತ್ತು.

ಈಶಪ್ಪ ನಟ. ಹಾಗಂದರೆ ಜನ "ಯಾವ ಪಿಚ್ಚರಿನಾಗ ಅದೀಯಪಾ?" ಅಂತ ಕೇಳುತ್ತಾರೆ. ಎಲ್ಲ ಪಿಚ್ಚರಿನಲ್ಲೂ ಇದ್ದಾನೆ, ನೋಡುವ ಕಣ್ಣು ಬೇಕು. ಹೀರೋ ಗುದ್ದಿದಾಗ ಟೊಮೆಟೊ ಗಾಡಿಯ ಮೇಲೆ ಬೀಳುವವನು ಇವನೇ. ಬಾಂಬು ಸಿಡಿದಾಗ ಎಲ್ಲರಿಗಿಂತ ಮೊದಲು ಹಾರುವ ಪೊಲೀಸಿನವನು ಇವನೇ. ನಾಯಕಿಯ ತಂದೆಯ ಹೆಣವೂ ಇವನೇ. ಬೆಂಗಳೂರಿನ ಆ ಮಹಾನುಭಾವರಿಗೆ ಈ ಕಡೆಯವನು ಕಂಡರೆ ಎರಡೇ ಪಾತ್ರ ನೆನಪಾಗುತ್ತವೆ: ಒಂದು ನಗಿಸುವ ವಾಚ್‌ಮನ್, ಇನ್ನೊಂದು ಹೆಣ. ಈಶಪ್ಪನ ಮುಖ ನೋಡಿದರೆ ಯಾರಿಗೂ ನಗು ಬರುತ್ತಿರಲಿಲ್ಲ. ಉಳಿದದ್ದು ಒಂದೇ. ಅವರಿಗೆ ನಮ್ಮ ಹೆಣ ಬೇಕು, ನಮ್ಮ ಬಾಯಿ ಬೇಡ.

ಒಂದೇ ಒಂದು ಸಿನಿಮಾದಲ್ಲಿ ಅವನಿಗೆ ಮಾತು ಕೊಟ್ಟಿದ್ದರು. "ಬೇಗ ಬನ್ನಿ, ಯಜಮಾನರು ಕರೀತಿದ್ದಾರೆ" ಅಂತ. ಅವ್ವ ಮುದಕವ್ವನನ್ನು ಹೊಸ ಸೀರೆ ಉಡಿಸಿ ಹಳಿಯಾಳದ ಟಾಕೀಸಿಗೆ ಕರೆದುಕೊಂಡು ಹೋದ. ಪರದೆ ಮೇಲೆ ಈಶಪ್ಪ ಬಾಯಿ ತೆಗೆದ. ಹೊರಗೆ ಬಂದದ್ದು ಮತ್ತಾರದೋ ಧ್ವನಿ, ಸಣ್ಣಗೆ, ಬೆಣ್ಣೆ ಹಚ್ಚಿದ ಹಾಗೆ. ಡಬ್ಬಿಂಗಿನವರು ಇವನ ಧಾರವಾಡ ಕಡೆಯ ಕನ್ನಡ ತೆಗೆದು ಬಿಸಾಕಿ, ತಮ್ಮ ಕನ್ನಡ ಹಾಕಿದ್ದರು. ಮುದಕವ್ವ ಕತ್ತಲೆಯಲ್ಲೇ ಎದ್ದು ನಿಂತು, "ಯವ್ವಾ, ನನ ಮಗನ ಬಾಯಾಗ ಯಾರ ಹೊಕ್ಕ ಕುಂತಾರ?" ಅಂತ ಅತ್ತಳು. ಸಾಯುವತನಕ ಅದನ್ನೇ ಕೇಳಿದಳು.

ಈಗ ಅವನು ಇರುವುದು 'ಸೊಸೆಯಂದಿರ ಸಾಮ್ರಾಜ್ಯ' ಎಂಬ ಧಾರಾವಾಹಿಯಲ್ಲಿ. ದೊಡ್ಡ ಯಜಮಾನನ ಪಾತ್ರ. ಮೊದಲ ಕಂತಿನಲ್ಲೇ ಯಾರೋ ಹಾಲಿಗೆ ವಿಷ ಬೆರೆಸಿದರು, ದೊಡ್ಡ ಯಜಮಾನ ಕುಡಿದ, ಬಿದ್ದ, ಕೋಮಾಕ್ಕೆ ಹೋದ. ಅವತ್ತಿನಿಂದ ಈಶಪ್ಪ ಮೂಗಿಗೆ ಮಾಸ್ಕು ಹಾಕಿಕೊಂಡು ಮಲಗಿಯೇ ಇದ್ದಾನೆ. ಅವನ ಮಂಚದ ಸುತ್ತ ಸೊಸೆಯಂದಿರು ಎರಡು ಸಲ ಮದುವೆಯಾದರು, ಒಬ್ಬಳು ಜೈಲಿಗೆ ಹೋಗಿ ಬಂದಳು, ಅವಳಿ ಮಕ್ಕಳು ಹುಟ್ಟಿ ಶಾಲೆಗೆ ಹೋಗುವಂತಾದವು. ವಿಷ ಹಾಕಿದವರು ಯಾರೆಂದು ನೋಡಿದವನು ಇವನೊಬ್ಬನೇ. ಇವನೋ ಏಳಲೊಲ್ಲ.

ಇಷ್ಟಾಗಿಯೂ ಊರಿನಲ್ಲಿ ಅವನ ಗುರುತು ಹಿಡಿಯುವವರಿಲ್ಲ. ಕಣ್ಣು ಬಿಟ್ಟುಕೊಂಡ ಈಶಪ್ಪನನ್ನು ಟೀವಿಯಲ್ಲಿ ಯಾರು ನೋಡಿದ್ದಾರೆ? ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಒಮ್ಮೆ ನಿದ್ದೆ ಹೋಗಿದ್ದಾಗ ಮಾತ್ರ ಸುತ್ತ ಸಂತೆ ಸೇರಿತ್ತು.

ಬೆಂಗಳೂರಿನ ಡಾಕ್ಟರುಗಳೆಲ್ಲ ಕೈಚೆಲ್ಲಿದ ಮೇಲೆ ದೊಡ್ಡ ಯಜಮಾನನಿಗೆ ಕಾಡಿನ ಗಾಳಿ ಕುಡಿಸುವುದೆಂದು ಕತೆಯಲ್ಲಿ ಠರಾವು ಆಯಿತು. ಹಾಗಾಗಿ ಮಂಚ, ಮಾಸ್ಕು, ಸೊಸೆಯಂದಿರು ಎಲ್ಲ ಕುಳಗಿ ಹತ್ತಿರದ ಒಂದು ರೆಸಾರ್ಟಿಗೆ ಬಂದಿಳಿದಿದ್ದವು. ಇವತ್ತು ಅಲ್ಲಿ ಅವನು ಕಣ್ಣು ಬಿಟ್ಟು, "ಹಾಲಿಗೆ ವಿಷ ಹಾಕಿದವರು ಯಾರು ಅಂತ ನಾನು ನೋಡಿದ್ದೇನೆ" ಎಂದು ಶುರುಮಾಡಿ, ಒಂದು ಹೆಸರು ಹೇಳಬೇಕು. ಹೆಸರು ಯಾರದೆಂದು ಹೆಂಡತಿ ದ್ರಾಕ್ಷಾಯಣಿಗೂ ಹೇಳಿರಲಿಲ್ಲ. ಡೈರೆಕ್ಟರು ಫೋನಿನಲ್ಲಿ ಅಂದಿದ್ದ: "ನಿಮ್ಮ ಸ್ವಂತ ವಾಯ್ಸ್ ರೀ. ಲೈವ್ ಸೌಂಡ್. ಡಬ್ಬಿಂಗ್ ಇಲ್ಲ."

ಸ್ವಂತ ಧ್ವನಿ! ಆ ಧ್ವನಿಯಲ್ಲೇ ಈಗ ಕೆಮ್ಮು.

"ದ್ರಾಕ್ಷಾಯಣೀ, ನಿನ ಗಂಡನ ಗಂಟಲ ಹೋಗೇತಿ, ಬಾಗಲಾ ತಗೀ" ಅನ್ನುತ್ತ ಕಾಶೆವ್ವ ಹೊಗೆಯಾಡುವ ಚೊಂಬಿನೊಡನೆ ಒಳಗೆ ಬಂದೇಬಿಟ್ಟಳು. ಮೆಣಸು, ಹಿಪ್ಪಲಿ, ಮತ್ತೇನೇನೋ ಹಾಕಿ ಕುದಿಸಿದ ಕಷಾಯ. ಈಶಪ್ಪ ಕೈ ಆಡಿಸಿ ಬ್ಯಾಡ ಬ್ಯಾಡ ಅಂದ.

"ಬ್ಯಾಡ ಅಂದ್ರ? ಸತ್ತಮ್ಯಾಲೆ ನಾ ಬಂದು ಅಳೂದೈತಿ, ಬದುಕಿದಾಗ ಇಷ್ಟ ಕುಡಸಾಕ ಆಗೂದಿಲ್ಲೇನು?"

ಅಳುವ ಮಾತು ಅವಳು ಸುಮ್ಮನೆ ಆಡಿದ್ದಲ್ಲ. ಊರಿನ ಕಾಗದದ ಮಿಲ್ಲಿನಲ್ಲಿ ದುಡಿದು ಸತ್ತ ಗಂಡನ ಮೇಲೆ ಅಳಲು ಶುರುಮಾಡಿದ ಕಾಶೆವ್ವ ಮುಂದೆ ನಿಲ್ಲಿಸಿರಲಿಲ್ಲ. ದಂಡೇಲಿಯಿಂದ ಹಳಿಯಾಳದವರೆಗೆ ಯಾರ ಮನೆಯಲ್ಲಿ ಸಾವಾದರೂ ಅವಳು ಬಂದು ಹಾಡ್ಯಾಡಿಕೊಂಡು ಅಳುವತನಕ ಹೆಣ ಎತ್ತುತ್ತಿರಲಿಲ್ಲ. ಸತ್ತವನ ಇಡೀ ಜನ್ಮವನ್ನು ರಾಗವಾಗಿ ಹಾಡುತ್ತಿದ್ದಳು: ಏನು ಉಂಡ, ಏನು ಉಟ್ಟ, ಯಾರು ಅವನಿಗೆ ಮೋಸ ಮಾಡಿದರು. ಮಣ್ಣು ಮಾಡಲು ಬಂದ ಬೀಗರು ತಮ್ಮ ಹೆಸರು ಹಾಡಿನಲ್ಲಿ ಬರುವ ಮೊದಲೇ ಚಹಾದ ನೆಪ ಹೇಳಿ ಹೊರಗೆ ಜಾರುತ್ತಿದ್ದರು. "ಹಾಸಿಗಿ ಹಿಡಿದವರ ಮುಂದ ಒಣಾ ಕಣ್ಣೀಲೆ ನಿಂತ್ರ ನಾಯಿ ಜಲ್ಮ ಬರ್ತೈತಿ" ಎನ್ನುವುದು ಅವಳ ಸಿದ್ಧಾಂತ.

ಕಷಾಯ ಒಳಗೆ ಹೋಯಿತು. ಗಂಟಲು ಬೆಂಕಿ ಬಿದ್ದ ಬಣವೆಯಾಯಿತು.

ಅಷ್ಟರಲ್ಲಿ ಎದುರುಮನೆಯ ಮಹಾಬಳೇಶ್ವರ ಮಾಸ್ತರ ಬಂದರು. ಶಾಲೆಯ ಮಾಸ್ತರರಲ್ಲ, ನಾಟಕದ ಮಾಸ್ತರ. ಮಿಲ್ಲಿನ ಕಾರ್ಮಿಕರ ನಾಟಕದಲ್ಲಿ ಒಂದು ಕಾಲಕ್ಕೆ ದುರ್ಯೋಧನ ಆಗಿದ್ದವರು, ಇನ್ನೂ ಅದರಿಂದ ಪೂರ್ತಿ ಹೊರಗೆ ಬಂದಿರಲಿಲ್ಲ.

"ಕಷಾಯಕ್ಕ ಏನಾಗ್ತೈತಿ? ಪಟಕದ ನೀರ ಮುಕ್ಕಳಸು. ಮುಕ್ಕಳಿಸಿ ಹೊಟ್ಟಿಯಿಂದ ಎತ್ತು. 'ಹಾsssಲಿಗೇ! ವಿಷವ ಹಾಕಿದ ಪಾಪಿಷ್ಠಾs!' ಅನ್ನು ನೋಡೂಣು."

ಸ್ಫಟಿಕದ ಆ ಒಗರು ನೀರು ಗಂಟಲನ್ನು ಹಳೆಯ ಬುತ್ತಿಚೀಲದ ಹಾಗೆ ಮುದುಡಿಸಿತು. ಈಶಪ್ಪ ಬಾಯಿ ತೆಗೆದರೆ ಗಾಳಿ ಮಾತ್ರ ಬಂತು, ಪಂಚರ್ ಆದ ಟ್ಯೂಬಿನಿಂದ ಬರುವಂತೆ. ದ್ರಾಕ್ಷಾಯಣಿ ಗಾಬರಿಯಾಗಿ ಕಪಾಟಿನ ಮೂಲೆಯಿಂದ ಒಂದು ಕರೀ ಗುಳಿಗೆ ತಂದಳು. ಮುಂಡಗೋಡಿನಲ್ಲಿರುವ ಅವಳ ಅಕ್ಕ ಟಿಬೆಟನ್ ಕಾಲೊನಿಯ ವೈದ್ಯರ ಕಡೆಯಿಂದ ತಂದುಕೊಟ್ಟದ್ದು. ಗೋವಿನಜೋಳದ ಕಾಳಿನಷ್ಟು ದಪ್ಪ.

"ಇದು ನೆಗಡಿಗೋ, ಮೊಣಕಾಲಿಗೋ?" ಅಂದರು ಮಾಸ್ತರ.

"ಅಕ್ಕ ಹೇಳಿದ್ದು ಮರತೇನ್ರಿ. ಆದ್ರ ಚಲೋ ಗುಳಿಗಿ ಅಂದಿದ್ಲು. ನಿಧಾನ ಹತ್ತತೈತೆಂತ. ಹತ್ತಿತು ಅಂದ್ರ ಹತ್ತೀತು."

ಈಶಪ್ಪ ಅದನ್ನೂ ಜಗಿದು ನುಂಗಿದ. ಬೇವಿನಮರದ ಬೇರನ್ನು ಡೀಸೆಲ್ಲಿನಲ್ಲಿ ನೆನೆಸಿದ ರುಚಿ. ಉಳಿದಿದ್ದ ಗಾಳಿಯೂ ಬಂದ್ ಆಯಿತು.

ಹೊರಗೆ ಮೆಕ್ಯಾನಿಕ್ ತೌಸೀಫನ ಜೀಪು ಹಾರ್ನ್ ಹೊಡೆಯಿತು. ಈಶಪ್ಪನನ್ನು ಕುಳಗಿಗೆ ಬಿಟ್ಟುಬರುತ್ತೇನೆಂದು ಅವನು ತಾನಾಗಿ ಮಾತು ಕೊಟ್ಟಿದ್ದ. ಈಶಪ್ಪ ಒಬ್ಬನೇ ಹೊರಡುವುದೆಂದಿತ್ತು. ಆದರೆ ಕಷಾಯದ ಚೊಂಬು ಹಿಡಿದು ಕಾಶೆವ್ವ ಹಿಂದಿನ ಸೀಟಿಗೆ ಹತ್ತಿದಳು, "ದಾರ್ಯಾಗ ಇನ್ನೊಂದ ಗುಟುಕ ಬೇಕಾಕ್ಕೈತಿ." ಉಚ್ಚಾರ ತಿದ್ದಲು ಮಾಸ್ತರ ಹತ್ತಿದರು. ಇವರಿಬ್ಬರ ಕೈಯಲ್ಲಿ ಗಂಡನನ್ನು ಬಿಡಲಾರದೆ ದ್ರಾಕ್ಷಾಯಣಿಯೂ ಹತ್ತಿದಳು.

"ಈಶಪ್ಪ ಭಾಯ್," ತೌಸೀಫ ಗೇರು ಹಾಕುತ್ತ ದನಿ ತಗ್ಗಿಸಿ ಕೇಳಿದ, "ನನಗ ಒಬ್ಬನಿಗೆ ಹೇಳು. ವಿಷ ಯಾರ ಹಾಕಿದ್ದು? ಅಮ್ಮಿಗೆ ನಿದ್ದಿ ಇಲ್ಲ. ಅಲ್ಲಾಕಸಂ, ಯಾರಿಗೂ ಹೇಳೂದಿಲ್ಲ."

ಈಶಪ್ಪ ತನ್ನ ಗಂಟಲು ಮುಟ್ಟಿ ತೋರಿಸಿದ. ಉರಿಯುತ್ತಿದೆ, ಮಾತು ಬರುತ್ತಿಲ್ಲ ಎಂದು.

ತೌಸೀಫನ ಕಣ್ಣುಗಳು ಹೆಡ್‌ಲೈಟಿನಂತೆ ಹೊತ್ತಿಕೊಂಡವು. "ಕೊಳ್ಳಾಗ ಟೈ ಹಾಕ್ಕೊಳ್ಳಾವ! ವಕೀಲ! ನಾ ಮೊದಲಿಂದ ಹೇಳ್ತಿದ್ದೆ, ಸೀರಿಯಲ್ಲಿನ ಆ ವಕೀಲನ ಹರಾಮಖೋರ ಅಂತ!"

ಈಶಪ್ಪ ಎರಡೂ ಕೈಯಿಂದ ಅಲ್ಲ ಅಲ್ಲ ಎಂದ. ಅದನ್ನು ತೌಸೀಫ 'ಯಾರಿಗೂ ಹೇಳಬೇಡ' ಎಂದು ಅರ್ಥ ಮಾಡಿಕೊಂಡ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಮೊಬೈಲು ಹಿಡಿದು ಸ್ಟೇಟಸ್ ಇಟ್ಟ. ಜೀಪು ಊರು ದಾಟುವ ಮೊದಲೇ ಪಂಚರ್ ಅಂಗಡಿಯವನು ರಸ್ತೆಗೆ ಬಂದು "ವಕೀಲ ಅಂತಲ್ಲೋ!" ಎಂದು ಕೂಗಿದ. ಅಂಬಿಕಾನಗರದಿಂದ ಯಾರೋ ಫೋನ್ ಮಾಡಿ, ವಕೀಲನಲ್ಲ, ಅಡಿಗೆಯವಳು ಎಂದು ಜಗಳ ತೆಗೆದರು.

ಕಾಡಿನ ಗೇಟಿನಲ್ಲಿ ಗಾರ್ಡು ಅಡ್ಡಗೋಲು ಇಳಿಸಿ ನಿಂತಿದ್ದ.

"ಶೂಟಿಂಗಿಗೆ ಹೊಂಟೇವಿ. ಇವ್ರು ನಟರು" ಅಂದ ತೌಸೀಫ.

ಗಾರ್ಡು ಈಶಪ್ಪನನ್ನು ಮೇಲಿಂದ ಕೆಳಗೆ ನೋಡಿದ. "ಯಾವ ನಟ? ರಬ್ಬರ್ ಬೋಟಿನಾಗ ಕುಂತು ಕಿರಚಾಡಾಕ ಬರಾವ್ರೆಲ್ಲಾ ನಾವ ನಟರ, ನಾವ ರೈಟರ ಅಂತಾರ. ಜೀಪ್ ಹೊಳ್ಳಸ್ರಿ."

"ಈಶ್ಯಾ, ಮಲಕೋ" ಅಂದಳು ಕಾಶೆವ್ವ.

ಬೇರೆ ದಾರಿ ಇರಲಿಲ್ಲ. ಈಶಪ್ಪ ಇಳಿದು ರಸ್ತೆಯ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಮೂಗಿನ ಮೇಲೆ ಮಾಸ್ಕಿನ ಹಾಗೆ ಅಂಗೈ ಬೋರಲು ಇಟ್ಟುಕೊಂಡ.

"ಅಯ್ಯೋ ಶಿವನ! ದೊಡ್ಡ ಯಜಮಾನ್ರು!" ಗಾರ್ಡು ಟೊಪ್ಪಿಗೆ ತೆಗೆದ. ಕ್ವಾರ್ಟರ್ಸಿನಿಂದ ಹೆಂಡತಿ ಓಡಿ ಬಂದಳು, ಅತ್ತೆ ಓಡಿ ಬಂದಳು, ಈಶಪ್ಪನ ಹಣೆಗೆ ಕುಂಕುಮ ಬಿತ್ತು. "ಏಳಬ್ಯಾಡ್ರಿ, ಹಂಗ ಇರ್ರಿ, ಒಂದ ಸೆಲ್ಫಿ" ಎನ್ನುತ್ತ ಇಡೀ ಮನೆತನ ಅವನ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತಿತು.

ಮಲಗಿದವನ ಸುತ್ತ ಹೆಂಗಸರು ಕುಳಿತದ್ದನ್ನು ನೋಡಿದ್ದೇ ಕಾಶೆವ್ವನ ಗಂಟಲು ತನ್ನಷ್ಟಕ್ಕೆ ತಾನೇ ಗುರುಗುಟ್ಟಿತು. ಕೈ ಎದೆಯ ಕಡೆ ಎದ್ದಿತು. ದ್ರಾಕ್ಷಾಯಣಿ ಓಡಿ ಅವಳ ಬಾಯಿಗೆ ಸೆರಗು ತುರುಕಿದಳು.

"ಅತ್ತಿ, ಬದುಕ್ಯಾರ! ಬದುಕ್ಯಾರ ಅವ್ರು!"

"ಗೊತ್ತೈತೆವಾ. ನಾ ಏನ ಮಾಡ್ಲಿ, ಹೊಟ್ಟ್ಯಾಗಿಂದ ಅದ ತಾನ ಏಳತೈತಿ" ಎಂದು ಕಾಶೆವ್ವ ಕಣ್ಣೊರೆಸಿಕೊಂಡಳು.

ರೆಸಾರ್ಟಿಗೆ ಮುಟ್ಟಿದಾಗ ಹೊತ್ತೇರಿತ್ತು. ಕಪ್ಪು ಕನ್ನಡಕದ ಡೈರೆಕ್ಟರು ಮರದ ಕೆಳಗೆ ಕುಣಿಯುತ್ತಿದ್ದ.

"ಏನ್ರೀ ಕೋಮಾ, ಈಗ ಬರೋದಾ? ಹೇ, ಕೋಮಾ ಬಂದ್ರು, ಕೋಮಾಗೆ ಮೇಕಪ್ ಹಾಕ್ರೋ!"

ಇಷ್ಟು ವರ್ಷ ಮಲಗಿದ್ದರೂ ಅಲ್ಲಿ ಅವನಿಗೆ ಹೆಸರಿರಲಿಲ್ಲ. ಊಟಕ್ಕೆ ಕರೆಯುವಾಗಲೂ ಕೋಮಾ, ಬೈಯುವಾಗಲೂ ಕೋಮಾ. ಮಂಚಕ್ಕಾದರೂ 'ಟೀಕ್‌ವುಡ್' ಎಂಬ ಮರ್ಯಾದೆ ಇತ್ತು.

ಮಂಚದ ಮೇಲೆ ಮಲಗಿಸಿ, ನಳಿಗೆ ಸಿಕ್ಕಿಸಿ, ಸೌಂಡಿನವನು ಮೈಕು ಹಿಡಿದು "ಒಂದ್ಸಲ ಮಾತಾಡಿ ಸರ್" ಅಂದ. ಈಶಪ್ಪ ಬಾಯಿ ತೆಗೆದ. ಮಳೆಗಾಲದ ಕಪ್ಪೆ ಕಲ್ಲಿನ ಕೆಳಗಿನಿಂದ ಕರೆದಂತಾಯಿತು.

ಡೈರೆಕ್ಟರು ಕನ್ನಡಕ ಹಣೆಗೇರಿಸಿದ. "ಏನ್ರೀ ಇದು? ಕೋಮಾದಿಂದ ಎದ್ದೋನು ಹೀಗೆ ವಟವಟ ಅಂದ್ರೆ ಜನ ಹೆದರ್ಕೊಳ್ಳಲ್ವಾ? ನೋಡಿ, ಒಂದೇ ಟೇಕ್. ವಾಯ್ಸ್ ಬಂತಾ, ಸರಿ. ಬರ್ಲಿಲ್ವಾ, ಬೆಂಗಳೂರಲ್ಲಿ ಡಬ್ ಮಾಡಿಸ್ತೀನಿ. ನಮ್ಮ ರೆಗ್ಯುಲರ್ ಹುಡುಗ ಇದ್ದಾನೆ."

ಮತ್ತೆ ಅವನೇ! ಬೆಣ್ಣೆ ಧ್ವನಿಯವನು! ಈಶಪ್ಪನ ಕಣ್ಣೆದುರು ಹಳಿಯಾಳದ ಟಾಕೀಸು ಬಂತು, ಕತ್ತಲೆಯಲ್ಲಿ ಎದ್ದು ನಿಂತ ಅವ್ವ ಬಂದಳು. ಮಲಗಿದಲ್ಲೇ ಕೈಮುಗಿದ. ಗುಳಿಗೆಗೆ ಮುಗಿದನೋ, ದೇವರಿಗೆ ಮುಗಿದನೋ ಅವನಿಗೇ ತಿಳಿಯದು.

ಇನ್ನೊಂದು ಅಡಚಣೆ ಬಂತು. ಮಂಚದ ಸುತ್ತ ನಿಲ್ಲಬೇಕಾದ 'ಹಳ್ಳಿಯ ನೆಂಟರು' ಇದ್ದ ಗಾಡಿ ಎಲ್ಲೋ ಕೆಸರಿನಲ್ಲಿ ಹುಗಿದು ಕೂತಿತ್ತು. ಡೈರೆಕ್ಟರು ಸುತ್ತ ನೋಡಿದ. ಚೊಂಬು ಹಿಡಿದ ಕಾಶೆವ್ವ, ಪಂಚೆಯ ಮಾಸ್ತರ, ಸೆರಗು ಹೊದ್ದ ದ್ರಾಕ್ಷಾಯಣಿ ಸಾಲಾಗಿ ನಿಂತಿದ್ದರು.

"ಇವರನ್ನೇ ನಿಲ್ಸಿ. ಪಕ್ಕಾ ಹಳ್ಳಿ ಲುಕ್ ಇದೆ. ಅಮ್ಮಾ, ನೀವೇನೂ ಮಾಡ್ಬೇಡಿ. ಸುಮ್ನೆ ನಿಂತ್ಕೊಂಡು ನೋಡ್ತಿರಿ, ಅಷ್ಟೇ."

ಸುಮ್ಮನೆ ನಿಂತು ನೋಡುವುದು. ಭೂಮಿಯ ಮೇಲೆ ಕಾಶೆವ್ವನಿಗೆ ಬಾರದ ಕೆಲಸ ಅದೊಂದೇ ಇತ್ತು.

"ಸ್ಟಾರ್ಟ್! ಕ್ಯಾಮೆರಾ! ಆಕ್ಷನ್!"

ಕಿರಿ ಸೊಸೆಯ ಪಾತ್ರದವಳು ಹಾಲಿನ ಲೋಟ ಹಿಡಿದು ಬಂದು, "ಮಾವಾ, ನಿಮಗೋಸ್ಕರ ಹಾಲು ತಂದಿದ್ದೀನಿ, ಎದ್ದೇಳಿ ಮಾವಾ" ಎಂದು ಮೆತ್ತಗೆ ಗೋಗರೆದಳು. ಇಡೀ ಕರ್ನಾಟಕ ಸಾಧ್ವಿ ಎಂದು ಪೂಜಿಸುವ ಸೊಸೆ ಅವಳು. ಕಾಶೆವ್ವ ಮಾತ್ರ ಮೊದಲ ದಿನದಿಂದ ನಂಬಿರಲಿಲ್ಲ. "ಅಷ್ಟ ಮೆತ್ತಗ ಮಾತಾಡಾಕಿ ಚಲೋ ಇರಾಕ ಸಾಧ್ಯ ಇಲ್ಲ" ಎನ್ನುತ್ತಿದ್ದಳು.

ಮುಚ್ಚಿದ ಕಣ್ಣಿನ ಹಿಂದೆ ಈಶಪ್ಪನಿಗೆ ಒಂದು ಪವಾಡ ಗೊತ್ತಾಗುತ್ತಿತ್ತು. ಗುಳಿಗೆ ಹತ್ತಿತ್ತು. ಗಂಟಲಿನಲ್ಲಿ ತಂಪು ಇಳಿಯಿತು, ಉರಿ ಸರಿಯಿತು, ಡ್ಯಾಮಿನ ಗೇಟು ಎತ್ತಿದಾಗಿನ ಕಾಳಿ ನದಿಯ ನೀರಿನ ಹಾಗೆ ದಾರಿ ಬಿಚ್ಚಿಕೊಂಡಿತು. ಎದೆಯಲ್ಲಿ ಮಾತು ತುಂಬಿ ನಿಂತಿತು. ಇನ್ನೇನು, ಮೊದಲು ಬೆರಳು ಅಲುಗಿಸುವುದು, ಆಮೇಲೆ ಕಣ್ಣು, ಆಮೇಲೆ ಮಾತು.

ಬೆರಳು ಅಲುಗಿಸಿದ.

ಕತೆ ಬರೆದವನ ಪ್ರಕಾರ ಅದು ಎಚ್ಚರವಾಗುವ ಲಕ್ಷಣ. ಆದರೆ ಕಾಶೆವ್ವ ಅಷ್ಟು ವರ್ಷ ಅಷ್ಟು ಮಂಚಗಳ ಪಕ್ಕ ನಿಂತವಳು. ಅವಳು ಕಂಡಂತೆ ಹಾಸಿಗೆ ಹಿಡಿದವನ ಬೆರಳು ಅಲುಗುವುದು ಒಂದೇ ಸಲ, ಜೀವ ಬೆರಳ ತುದಿಯಿಂದ ಇಳಿದು ಹೊರಡುವಾಗ.

"ಹೋದ್ಯೇನೋ ನನ ಈಶಾsss!"

ಮರದ ಮೇಲಿನ ಮಂಗಟ್ಟೆ ಹಕ್ಕಿಗಳು ಒಮ್ಮೆಲೇ ಹಾರಿಹೋದವು. ಲೈಟಿನವನ ಕೈಯಿಂದ ಲೈಟು ಜಾರಿತು. ಕಾಶೆವ್ವ ಹೋಗಿ ಮಂಚದ ಮೇಲೆ ಬಿದ್ದಳು, ಮಾಸ್ಕು ಕಿತ್ತು ಎಸೆದಳು, ಎದೆ ಎದೆ ಬಡಿದುಕೊಂಡು ಶುರುಮಾಡಿದಳು:

"ಎಷ್ಟ ಸಲಾ ಸತ್ಯೋ ನನ ಮಗನs, ಇನ್ನ ಎಷ್ಟ ಸಾಯ್ತೀಯೋ…
ಬಸ್ಸಿನ ಬುಡಕ ಸತ್ಯಲ್ಲೋ, ಬಾಂಬಿನ ಬಾಯಾಗ ಸತ್ಯಲ್ಲೋ,
ಸತ್ತ ಬಂದು ಕಟ್ಟಿ ಮ್ಯಾಲ ಕುಂತು ಚಾ ಕುಡಿತಿದ್ಯಲ್ಲೋ,
ಇವತ್ತ ಯಾಕ ಏಳವಲ್ಲಿ ನನ ಬಂಗಾರದ ಹೆಣಾನs…"

ಈಶಪ್ಪ ಕಣ್ಣು ಬಿಟ್ಟ. ಕಾಶೆವ್ವ ಅಳುತ್ತಲೇ ಅಂಗೈಯಿಂದ ರೆಪ್ಪೆ ಎಳೆದು ಮುಚ್ಚಿದಳು. ಸತ್ತವರ ಕಣ್ಣು ತೆರೆದಿರಬಾರದು. ಮತ್ತೆ ಬಿಟ್ಟ, ಮತ್ತೆ ಮುಚ್ಚಿದಳು. ಬಾಯಿ ತೆಗೆದು "ಹಾಲಿಗೆ ವಿ…" ಅಂದ. ಬಾಯಿ ಬಿಚ್ಚಿಕೊಂಡ ಹೆಣವೂ ಲಕ್ಷಣವಲ್ಲ. ಕಾಶೆವ್ವ ಸೊಂಟದಲ್ಲಿದ್ದ ಬಟ್ಟೆಯ ಚುಂಗು ತೆಗೆದು, ರಾಗ ಒಂದಿಷ್ಟೂ ತಪ್ಪದೆ, ಅವನ ಗದ್ದಕ್ಕೂ ನೆತ್ತಿಗೂ ಸುತ್ತಿ ಗಟ್ಟಿ ಗಂಟು ಹಾಕಿದಳು. ಕೈ ಎತ್ತಹೋದರೆ ಎರಡೂ ಕೈಯ ಮೇಲೆ ಆಕೆ ಕುಳಿತಿದ್ದಳು.

"ಮಗನ ಬಾಯಾಗ ಯಾರೋ ಹೊಕ್ಕಾರಂತ ನಿಮ್ಮವ್ವ ಅತ್ತಾಳೋ…
ನಿನ್ನ ಧ್ವನಿ ಕೇಳಬೇಕಂತ ಕಾದ ಕಾದ ಹೋದಾಳೋ…
ಒಂದ ಮಾತಿನ ಗಂಟ ಕಟ್ಟಿಕೊಂಡ ಬಂದ್ಯಲ್ಲೋ,
ಬಿಚ್ಚೂದರಾಗ ಹೊಂಟ್ಯಲ್ಲೋ ನನ ಮೂಕ ಬಸವಣ್ಣಾsss…"

ದ್ರಾಕ್ಷಾಯಣಿಗೆ ತಡೆಯಲಾಗಲಿಲ್ಲ, ಗಂಡ ಬದುಕಿದ್ದಾನೆಂಬುದು ಮರೆತು ಹೋ ಎಂದಳು. ದುರ್ಯೋಧನ ಮಾಸ್ತರ ಪಂಚೆಯಿಂದ ಮೂಗು ಒರೆಸಿಕೊಂಡರು. ಸೌಂಡಿನವನು ಬಿಕ್ಕಿದ. ಬಾಯಿ ಕಟ್ಟಿಸಿಕೊಂಡ ಈಶಪ್ಪನ ಮುಚ್ಚಿದ ಕಣ್ಣಿನಿಂದಲೂ ನೀರು ಹರಿದು ಕಿವಿಯೊಳಗೆ ಹೋಯಿತು. ಅವನಿಗಾಗಿ ಇಷ್ಟು ಚೆನ್ನಾಗಿ ಯಾರೂ ಯಾವತ್ತೂ ಮಾತಾಡಿರಲಿಲ್ಲ.

ಅಷ್ಟರಲ್ಲಿ ಕಾಶೆವ್ವ ತಟ್ಟನೆ ತಿರುಗಿ ಕಿರಿ ಸೊಸೆಯ ರಟ್ಟೆ ಹಿಡಿದಳು. ಹಾಡಿನಲ್ಲಿ ಮೋಸ ಮಾಡಿದವರ ಹೆಸರು ಬರುವ ಹೊತ್ತು ಅದು.

"ಹಾಲ ತಂದಾಕಿ ನೀನಲ್ಲೇನ, ವಿಷಾ ಕಲಸಿದಾಕಿ ನೀನಲ್ಲೇನ! ಮೆತ್ತಗ ಮಾತಾಡಿ ಮಾವನ ಜೀವಾ ಕುಡದ್ಯಲ್ಲೇs!"

ಆ ಹುಡುಗಿ ನಿಜವಾಗಿ ಹೆದರಿ ಲೋಟ ಕೈಬಿಟ್ಟಳು. ಹಾಲು ನೆಲದ ಮೇಲೆಲ್ಲ ಹರಿಯಿತು. ಕ್ಯಾಮೆರಾ ಹಾಲಿನ ಹಿಂದೆಯೇ ಹೋಯಿತು.

"ಕಟ್!"

ಡೈರೆಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಹೋಗಿ ಕಾಶೆವ್ವನ ಕಾಲು ಮುಟ್ಟಿದ.

"ಅಮ್ಮಾ, ಯಾರಮ್ಮಾ ನೀವು? ನಿಮ್ಮ ಹೆಸರೇನಮ್ಮಾ?"

ಹೆಸರು ಕೇಳಿದ! ಈಶಪ್ಪ ಗದ್ದದ ಗಂಟು ಕಿತ್ತೊಗೆದು ಎದ್ದು ಕುಳಿತ. "ಸರ್!" ಅಂದ. ಎಂಥಾ ಧ್ವನಿ ಅದು! ದೇವರ ಗುಡಿಯ ಕಂಚಿನ ಗಂಟೆಯನ್ನು ಆಗತಾನೆ ಹುಣಸೇಹಣ್ಣಿನಿಂದ ತೊಳೆದು ಬಾರಿಸಿದಂತಿತ್ತು. "ಸರ್, ನನ್ನ ಧ್ವನಿ ಬಂದೈತ್ರಿ! ಮತ್ತೊಂದ ಟೇಕ್ ತಗೋರಿ. ನನ್ನ ಮಾತು!"

"ಯಾವ ಮಾತು ರೀ? ವಿಷ ಹಾಕಿದ್ದು ಕಿರಿ ಸೊಸೆ ಅಂತ ಅಮ್ಮ ಹೇಳಾಯ್ತಲ್ಲ. ಎಂಥಾ ಟ್ವಿಸ್ಟು! ನಮ್ಮ ರೈಟರಿಗೂ ಹೊಳೆದಿರ್ಲಿಲ್ಲ."

"ಅಲ್ರೀ ಸರ್, ಹಾಕಿದಾವ ಚಾಲಕ! ಸ್ಕ್ರಿಪ್ಟಿನಾಗ ಚಾಲಕ ಅಂತ ಐತಿ!"

"ಡ್ರೈವರ್ ಹಾಕಿದ್ರೆ ಯಾರು ನೋಡ್ತಾರೆ? ಬಿಡಿ. ಮತ್ತೆ, ಇಂಥಾ ಅಳು ಆದ್ಮೇಲೆ ನೀವು ಎದ್ದು ಕೂತ್ರೆ ಜನ ಟೀವಿ ಒಡೆದುಹಾಕ್ತಾರೆ. ನೀವು ಸತ್ತಿದ್ದೀರ. ಚೆನ್ನಾಗಿ ಸತ್ತಿದ್ದೀರ. ಕಣ್ಣೀರು ಬಂದಿದೆ, ಅದನ್ನ ಗ್ರಾಫಿಕ್ಸಲ್ಲಿ ಒರೆಸ್ತೀವಿ."

"ಆಕಿ ಬಸ್ಸು, ಬಾಂಬು ಅಂದ್ಲಲ್ರೀ ಸರ್. ಅದು ದೊಡ್ಡ ಯಜಮಾನನ ಕತಿ ಅಲ್ಲ."

"ಅದೇ ಸೂಪರ್! ಯಜಮಾನರ ಗತಕಾಲ! ಬಸ್ಸಿಗೆ ಒಂದು ತಿಂಗಳು, ಬಾಂಬಿಗೆ ಎರಡು ತಿಂಗಳು ಫ್ಲಾಶ್‌ಬ್ಯಾಕ್ ಎಳೀಬಹುದು."

ಈಶಪ್ಪನಿಗೆ ಜೀವ ಬಂತು. "ಫ್ಲಾಶ್‌ಬ್ಯಾಕಿನಾಗ ಮತ್ತ ನಾನ ಬರ್ತೇನಲ್ರಿ?"

"ಯಂಗ್ ಆಗಿ ಕಾಣ್ಬೇಕಲ್ರೀ ಕೋಮಾ. ಬೇರೆ ಹುಡುಗನ್ನ ಹಾಕ್ತೀವಿ."

ಕಾಶೆವ್ವನಿಗೆ ಆಗಲೇ ಕುರ್ಚಿ ಬಂದಿತ್ತು, ಎಳನೀರು ಬಂದಿತ್ತು. ದೊಡ್ಡ ಯಜಮಾನನನ್ನು ಎತ್ತಿ ಆಡಿಸಿದ ಸಾಕುತಾಯಿಯ ಪಾತ್ರ ಅವಳಿಗೆ, ಧಾರಾವಾಹಿ ಮುಗಿಯುವತನಕ. ಅವಳು ಗಾಬರಿಯಾಗಿ, "ನನಗ ನಿಮ್ಮಂಗ ಸಣ್ಣಕ್ಕ ಮಾತಾಡಾಕ ಬರೂದಿಲ್ಲೋ ಯಪ್ಪಾ" ಅಂದಳು.

"ಬೇಡಮ್ಮಾ, ಬೇಡ! ನಿಮ್ಮ ಭಾಷೆ ಹಾಗೇ ಇರ್ಲಿ. ನಿಮ್ಮ ಸ್ವಂತ ವಾಯ್ಸ್. ಎಷ್ಟು ಫ್ರೆಶ್ ಆಗಿದೆ!"

ಈಶಪ್ಪ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಅದನ್ನು ಕೇಳಿದ. ಕಿವಿಯೊಳಗೆ ಹೋಗಿದ್ದ ಕಣ್ಣೀರು ಇನ್ನೂ ಆರಿರಲಿಲ್ಲ. ತೌಸೀಫ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದ.

"ಹೋಗಲಿ ಬಿಡು ಭಾಯ್." ಆಮೇಲೆ ಕೈ ತೆಗೆದು, "ಆದ್ರೂ ವಕೀಲ ಅಂತ ನನಗ ಯಾಕ ಸುಳ್ಳ ಹೇಳಿದೀ? ಊರಾಗ ಮುಖ ಹೆಂಗ ತೋರಸ್ಲಿ?" ಅಂದ.

ಹೊತ್ತು ಇಳಿಯುವಾಗ ಕಾಶೆವ್ವನ ದಾರಿ ಕಾಯುತ್ತ ಉಳಿದವರು ಜೀಪು ಹತ್ತಿದ್ದರು. ಅಷ್ಟರಲ್ಲಿ ಡೈರೆಕ್ಟರು ತಾನೇ ಓಡಿ ಬಂದ. "ಕೋಮಾ! ಅಲ್ಲ, ಸಾರಿ, ನಿಮ್ಮ ಹೆಸರೇನಂದ್ರಿ?"

"ಈಶಪ್ಪ" ಅಂದ ಈಶಪ್ಪ.

"ಈಶಪ್ಪನೋರೇ, ಬನ್ನಿ ಬನ್ನಿ. ನೀವಿಲ್ಲದೆ ಆಗಲ್ಲ. ಇವತ್ತೇ ಒಂದು ಶಾಟ್ ಬೇಕು. ಈ ಸಲ ಕಣ್ಣು ಬಿಟ್ಟುಕೊಂಡೇ!"

ದ್ರಾಕ್ಷಾಯಣಿ ಕೈಮುಗಿದಳು. ಈಶಪ್ಪ ಜೀಪಿನಿಂದ ಜಿಗಿದು ಓಡಿದ.

ವಿಷಯ ಇಷ್ಟೇ. ಸತ್ತ ಯಜಮಾನನ ಫೋಟೋಕ್ಕೆ ಸಾಕುತಾಯಿ ಮಾಲೆ ಹಾಕಿ ಅಳಬೇಕು. ದಂಡೇಲಿಯಿಂದ ದೊಡ್ಡದಾಗಿ ಫೋಟೋ ಮಾಡಿಸಿ ತಂದಿದ್ದರು, ಆದರೆ ಗಾಜಿನ ಮೇಲೆ ಲೈಟು ಹೊಡೆದು ಮುಖವೇ ಕಾಣುತ್ತಿರಲಿಲ್ಲ. ಗಾಜು ತೆಗೆದರೆ ಕಾಗದ ಗಾಳಿಗೆ ಪಟಪಟ ಅನ್ನುತ್ತಿತ್ತು. ಹಾಗಾಗಿ ಖಾಲಿ ಫ್ರೇಮನ್ನು ಗೋಡೆಯ ಕಿಂಡಿಗೆ ಮೊಳೆ ಹೊಡೆದು, ಹಿಂದೆ ಈಶಪ್ಪನನ್ನು ನಿಲ್ಲಿಸಿದರು.

"ಏನಿಲ್ಲ, ಸುಮ್ನೆ ನೋಡ್ತಿರಿ. ಕಣ್ಣು ಮಿಟುಕಿಸ್ಬೇಡಿ, ಉಸಿರು ಕಾಣ್ಬಾರ್ದು. ಇನ್ಮೇಲೆ ದಿನಾ ಬರ್ಬೇಕಾಗುತ್ತೆ. ಅಮ್ಮ ದಿನಾ ನಿಮ್ಮ ಮುಂದೆ ಅಳ್ತಾರೆ."

ಲೈಟು ಹತ್ತಿತು. ಒಂದು ನೊಣ ಬಂದು ಈಶಪ್ಪನ ಮೂಗಿನ ತುದಿಯ ಮೇಲೆ ಕುಳಿತು, ಕೈ ತಿಕ್ಕಿಕೊಳ್ಳತೊಡಗಿತು. ಕಣ್ಣಿನಲ್ಲಿ ನೀರು ತುಂಬಿತು, ರೆಪ್ಪೆ ಅಲುಗಲಿಲ್ಲ. ಹೊಸ ಇಳಕಲ್ ಸೀರೆ ಉಟ್ಟಿದ್ದ ಕಾಶೆವ್ವ ಚೆಂಡುಹೂವಿನ ಮಾಲೆ ಹಿಡಿದು ಬಂದಳು. ಮಾಲೆಯಲ್ಲಿ ಇರುವೆಗಳಿದ್ದವು. ಅದನ್ನು ಫ್ರೇಮಿಗೆ ಏರಿಸಿ, ಇನ್ನೇನು ಅಳುವ ಮೊದಲು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಅವನ ಮುಖದ ಹತ್ತಿರ ಬಾಗಿ ಮೆಲ್ಲಗೆ ಕೇಳಿದಳು:

"ಗಂಟಲಾ ಈಗ ಹೆಂಗೈತೋ ಈಶ್ಯಾ?"

ಗಂಟಲು ಹೊಸ ಗಂಟೆಯ ಹಾಗಿತ್ತು. ಆದರೆ ಫೋಟೋ ಮಾತಾಡುವಂತಿರಲಿಲ್ಲ.